ಟಮಾಟಿ ಇಲ್ಲದ ಪೀಜಾ

ನಮ್ಮ ಮನೆಯಲ್ಲಿ ಒಲೆ ಹೊತ್ತಿಸಿದರೆ ಸಾಕು, ನಗುವಂಥದ್ದೊಂದು ತಾನಾಗಿಯೇ ನಡೆದುಹೋಗುತ್ತಿತ್ತು. ನಾವೇನೂ ಅದನ್ನು ಹುಡುಕಿಕೊಂಡು ಹೋದವರಲ್ಲ. ಬೇರೆಯವರ ಮನೆಯಲ್ಲಿ ಸಾರು ಕುದಿಯುವಷ್ಟು ಸಹಜವಾಗಿ ನಮ್ಮಲ್ಲಿ ಫಜೀತಿ ಕುದಿಯುತ್ತಿತ್ತು.

ನಾನು ಮಸ್ಕಿಯವಳು. ರಜಾಕಾರರ ಗದ್ದಲ ಅಡಗಿದ ಮರುವರ್ಷ ಸಿಂಧನೂರಿಗೆ ಸೊಸೆಯಾಗಿ ಬಂದೆ. ಮನೆಯಲ್ಲಿದ್ದವರು ಮೂರೇ ಜನ: ಅತ್ತೆ, ನಮ್ಮ ಮನೆಯವರು, ನಾನು. ನಮ್ಮ ಮನೆಯವರು ದೊಡ್ಡ ಯುದ್ಧದಲ್ಲಿ ಮಿಲಿಟರಿ ಲಾರಿ ಓಡಿಸುತ್ತ ಇಟಲಿಯವರೆಗೆ ಹೋಗಿಬಂದವರು. ನಾನು ಬರುವ ಹೊತ್ತಿಗೆ ಕಾಲುವೆ ಕೆಲಸದ ಗುತ್ತಿಗೆದಾರನ ಲಾರಿ ಓಡಿಸುತ್ತಿದ್ದರು. ತುಂಗಭದ್ರೆಯ ನೀರು ಬರುತ್ತದೆ ಅಂತ ಎಲ್ಲ ಕಡೆ ನೆಲ ಅಗೆಯುತ್ತಿದ್ದ ಕಾಲ ಅದು. ಕಾಲುವೆ ಇತ್ತು, ನೀರು ಇರಲಿಲ್ಲ. ಆದರೆ ಮಧ್ಯಾಹ್ನದ ಬಿಸಿಲಿಗೆ ಎರೆ ಹೊಲದ ಆಚೆ ತುದಿಯಲ್ಲಿ ನೆಲವೇ ನೀರಿನ ಹಾಗೆ ಅಲುಗುತ್ತಿತ್ತು. ಸೋಮವಾರ ಲಾರಿಗೆ ರಜೆ. ಅವತ್ತು ಅವರು ಕಟ್ಟೆಯ ಮೇಲೆ ಕೂತು ಆ ಇಲ್ಲದ ನೀರನ್ನೇ ನೋಡುತ್ತಿದ್ದರು.

ಮಾತು ಬಹಳ ಕಡಿಮೆ. ಮದುವೆಯಾಗಿ ಇಪ್ಪತ್ತು ದಿನ ಕಳೆದರೂ ನನ್ನ ಜೊತೆ ಆಡಿದ್ದು 'ನೀರು ಕೊಡು', 'ಬಾಗಿಲು ಮುಂದ ಮಾಡು' ಇಷ್ಟೇ. ಒಂದು ಮಧ್ಯಾಹ್ನ ನಾನೇ ಧೈರ್ಯ ಮಾಡಿ ಕೇಳಿದೆ.

"ಏನ್ ನೋಡಾಕತ್ತೀರಿ?"

ಅವರು ತಿರುಗಿ ನನ್ನ ಮುಖ ನೋಡಿದರು. ಆಮೇಲೆ ಹೇಳತೊಡಗಿದರು. ನೇಪಲ್ಸ್ ಅಂತ ಒಂದು ಊರು. ಊರ ಮುಂದೆ ಸಮುದ್ರ, ಊರ ಹಿಂದೆ ಹೊಗೆಯಾಡುವ ಗುಡ್ಡ. ಒಂದು ಓಣಿಯ ಕೊನೆಗೆ ಕಲ್ಲಿನ ಭಟ್ಟಿ. ಅದರ ಮುಂದೆ ಕರಿ ಸೀರೆಯಂಥದ್ದು ತೊಟ್ಟ ಮುದುಕಿ. ಉದ್ದನೆ ಕಟ್ಟಿಗೆಯ ಹಲಗೆ ಒಳಗೆ ಹಾಕಿ ಆಕೆ ಒಂದು ದುಂಡನೆಯ ರೊಟ್ಟಿ ಹೊರಗೆ ಎಳೆಯುತ್ತಾಳೆ. ಮೇಲೆ ಕೆಂಪು ಟಮಾಟಿ ರಸ, ಅದರ ಮೇಲೆ ಹಾಲಿನಿಂದ ಮಾಡಿದ ಬೆಳ್ಳನೆಯದು ಕರಗಿ ಹರಿಯುತ್ತಿದೆ, ಅದರ ಮೇಲೆ ಒಂದು ಹಸಿರು ಎಲೆ. ಓಣಿಯ ಈ ತುದಿಯಿಂದ ಆ ತುದಿಯವರೆಗೂ ಅದರದೇ ವಾಸನೆ.

"ಅದಕ್ಕ ಪೀಜಾ ಅಂತಾರ," ಅಂದರು.

ಕಟ್ಟೆಯ ನೆರಳು ನನ್ನ ಕಾಲಿನಿಂದ ಮೊಣಕಾಲಿಗೆ ಬರುವ ತನಕ ಅವರು ಮಾತಾಡಿದರು. ನಾನು ಬಾಯಿ ತೆರೆದು ಕೇಳಿದೆ. ಆ ರೊಟ್ಟಿಯ ಆಸೆ ನನಗಿರಲಿಲ್ಲ. ಆದರೆ ಈ ಮನುಷ್ಯನ ಒಳಗೆ ಇಷ್ಟು ಮಾತು ಇದೆಯಲ್ಲ, ಅದು ಹೊರಗೆ ಬರಬೇಕಾದರೆ ಆ ರೊಟ್ಟಿ ಬೇಕು ಅಂತ ಅವತ್ತೇ ನಿಶ್ಚಯ ಮಾಡಿಕೊಂಡೆ.

ಪೂಜಾ

ಮರುದಿನ ಜೋಳ ಹಸನು ಮಾಡುತ್ತ ಅತ್ತೆಗೆ ಹೇಳಿದೆ, "ಅತ್ತೀ, ಅವರಿಗೆ ಪೀಜಾ ಮಾಡಬೇಕಂತ ಭಾಳ ಮನಸ್ಸೈತಿ."

ಅತ್ತೆಗೆ ಬಲಗಿವಿ ಸ್ವಲ್ಪ ಮಂದ. ನಾನು ಕೂತಿದ್ದೂ ಬಲಗಡೆಯೇ. ಅವರ ಕೈಯಲ್ಲಿದ್ದ ಮೊರ ಅಲ್ಲಿಗೇ ನಿಂತಿತು. ಕಣ್ಣಲ್ಲಿ ನೀರು ಬಂತು. ಯುದ್ಧದಿಂದ ಬಂದಾಗಿನಿಂದ ಮಗ ನೆಟ್ಟಗೆ ವಿಭೂತಿಯನ್ನೂ ಹಚ್ಚಿಕೊಳ್ಳುವುದಿಲ್ಲ ಅಂತ ಅವರಿಗೆ ಕೊರಗು ಇತ್ತು.

"ಯಾವಾಗ ಮಾಡಬೇಕಂತ?"

"ಸೋಮವಾರ ರಜಾ ಐತಲ್ರೀ, ಅವತ್ತು."

"ಸೋಮವಾರ! ಯಾರೂ ಹೇಳಿಲ್ಲ, ಕೇಳಿಲ್ಲ, ದಿನಾನೂ ಅವಗೇ ತಿಳದೈತಿ ನೋಡು," ಅಂತ ಸೆರಗಿನಿಂದ ಕಣ್ಣು ಒರೆಸಿಕೊಂಡರು.

ಸೋಮವಾರ ನಾನು ಅಡುಗೆಮನೆಯಲ್ಲಿ ಗೋಧಿ ಹಿಟ್ಟು ನಾದುತ್ತಿದ್ದೆ. ಹೊರಗೆ ನೋಡಿದರೆ ಬಾಗಿಲಿಗೆ ಮಾವಿನ ತೋರಣ, ಅಂಗಳದಲ್ಲಿ ರಂಗೋಲಿ, ಜಗಲಿಯ ಮೇಲೆ ಐದು ಜನ ಮುತ್ತೈದೆಯರು. ಒಂದು ರೊಟ್ಟಿಗೆ ಇಷ್ಟು ಸಂಭ್ರಮ ಮಾಡುತ್ತಾರಲ್ಲ, ಎಂಥ ದೊಡ್ಡ ಮನಸ್ಸಿನ ಅತ್ತೆ ಸಿಕ್ಕರು ಅಂತ ನನಗೆ ಎದೆ ತುಂಬಿ ಬಂತು. ಅಷ್ಟರಲ್ಲಿ ಮಠದ ಅಯ್ಯನವರೂ ಬಂದು ಕಂಬಳಿಯ ಮೇಲೆ ಕೂತರು. ನಮ್ಮ ಮನೆಯವರು ಸ್ನಾನ ಮುಗಿಸಿ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಬಂದವರು ಗಾಬರಿಯಾಗಿ ನಿಂತುಬಿಟ್ಟರು.

ಅಯ್ಯನವರು ಪ್ರೀತಿಯಿಂದ ಕೇಳಿದರು, "ತಮ್ಮಾ, ಇದನ್ನ ಎಲ್ಲಿ ನೋಡಿಬಂದ್ರಿ?"

"ಇಟಲಿಯೊಳಗರೀ."

"ಇಟಲಿಯೊಳಗ! ಆಗಲಿ. ಅಲ್ಲಿ ಯಾವ ಕ್ರಮ?"

"ಮೊದಲು ಹಿಟ್ಟು ನಾದಿ ದುಂಡಗ ತಟ್ಟತಾರ್ರೀ. ಮ್ಯಾಲ ಎಣ್ಣಿ ಬಿಡತಾರ. ಆಮ್ಯಾಲ ಎಲಿ ಇಡತಾರ. ಇಟ್ಟು ಬೆಂಕಿಯೊಳಗ ಹಾಕತಾರ."

"ಹೋಮ ಇದ್ದಂಗ ಆತು," ಅಂದರು ಅಯ್ಯನವರು, ತಲೆ ಆಡಿಸುತ್ತ. "ಎಷ್ಟು ಹೊತ್ತು?"

"ಉಬ್ಬೋ ತನಕ."

"ಉಬ್ಬಿದ ಮ್ಯಾಲ?"

"ಉಬ್ಬಿದ ಮ್ಯಾಲ ಎಲ್ಲರೂ ಕೂತು ತಿಂದ ಬಿಡತಾರ್ರೀ."

ಅಯ್ಯನವರು ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಯೋಚಿಸಿದರು.

"ನಮ್ಮಲ್ಲೂ ಕಡೀಕ ಅದೇರೀ," ಅಂದರು.

ಕೂಸು

ಅವತ್ತು ಅಯ್ಯನವರ ಮುಂದೆ ಇಟ್ಟ ರೊಟ್ಟಿ ಉಬ್ಬಲಿಲ್ಲ. ನಮ್ಮ ಮನೆಯವರು ಒಂದು ತುಣುಕು ಮುರಿದು ಮೂಗಿನ ಹತ್ತಿರ ಹಿಡಿದು, ಆಮೇಲೆ ಬಾಯಿಗೆ ಹಾಕಿಕೊಂಡು, "ಹಿಂಗಲ್ಲ," ಅಂದರು.

ಅದೇ ವಾರ ಮುಂಬೈಯಿಂದ ಅವರಿಗೊಂದು ಕಾಗದ ಬಂತು. ಯುದ್ಧದಲ್ಲಿ ಜೊತೆಗಿದ್ದ ಗೆಳೆಯನದು. ಹಡಗಿನಲ್ಲಿ ಕೆಲಸವಿದೆ, ಬಾ ಅಂತ ಬರೆದಿದ್ದ. ನಮ್ಮ ಮನೆಯವರು ಹ್ಞೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಕಾಗದ ಮಡಚಿ ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡರು. ಅಂಗಿ ಬದಲಾದರೂ ಕಾಗದ ಹೊಸ ಅಂಗಿಯ ಕಿಸೆಗೆ ಹೋಗುತ್ತಿತ್ತು. ನಾನು ಅದನ್ನು ದಿನಾ ನೋಡುತ್ತಿದ್ದೆ, ಅತ್ತೆಯೂ ನೋಡುತ್ತಿದ್ದರು.

"ಆ ರೊಟ್ಟಿ ಕರ್ಯಾಕತ್ತೈತಿ ಅವನ್ನ," ಅಂದರು ಅತ್ತೆ, ನಾನು ಸೊಸೆಯಾಗಿ ಬಂದು ವರ್ಷವಾಗುವ ಹೊತ್ತಿಗೆ. "ನೀ ಇಲ್ಲೇ ಮಾಡಿ ಹಾಕು. ಹೋಗೋದು ಬಿಡತಾನ."

ಹಿಟ್ಟು ಉಬ್ಬಿಸುವ ವಿದ್ಯೆ ನನ್ನ ತವರಿನಲ್ಲಿ ಅವ್ವನಿಗೆ ಗೊತ್ತಿತ್ತು. ಬಸ್ಸು ಹತ್ತಿ ಮಸ್ಕಿಗೆ ಹೋದೆ. ಅವ್ವ ಹಿಟ್ಟಿಗೆ ಮೊಸರು, ಚೂರು ಬೆಲ್ಲ, ಹಿಂದಿನ ದಿನದ ಹುಳಿ ಹಿಟ್ಟು ಹಾಕಿ ನಾದಿಸಿದಳು. ಚಳಿಗಾಲ. ಹಿಟ್ಟು ಬೆಚ್ಚಗಿರಬೇಕು. ನೆಲದ ಮೇಲೆ ಇಟ್ಟರೆ ಬೆಕ್ಕು. ಕಡೆಗೆ ಅವ್ವ ಅಟ್ಟದ ಮೇಲಿದ್ದ ಹಳೆ ತೊಟ್ಟಿಲು ಇಳಿಸಿ ಒಲೆಯ ಹತ್ತಿರದ ತೊಲೆಗೆ ಕಟ್ಟಿದಳು. ಹಿಟ್ಟಿಗೆ ಮೆತ್ತನೆಯ ಹಳೆ ಸೀರೆ ಸುತ್ತಿ, ಮುಖದ ಕಡೆ ತೆಳು ಬಟ್ಟೆ ಹಾಕಿ ಮಲಗಿಸಿದೆವು. ಕಿಟಕಿಯಿಂದ ಬಿಸಿಲು ಬಂದು ತೊಟ್ಟಿಲ ಮೇಲೆ ಬಿದ್ದಿತ್ತು. ನಾನು ಆಗಾಗ ಹೋಗಿ ಬಟ್ಟೆಯ ಮೇಲೆ ಕೈಯಿಟ್ಟು ನೋಡುತ್ತಿದ್ದೆ. ಹಿಟ್ಟು ನಿಜವಾಗಿಯೂ ಉಸಿರಾಡುತ್ತಿದೆ ಅನ್ನಿಸುತ್ತಿತ್ತು. ಯಾರೂ ನೋಡದ ಹೊತ್ತಿನಲ್ಲಿ ಒಂದೆರಡು ಸಲ ತೂಗಿಯೂ ತೂಗಿದೆ.

ಮಧ್ಯಾಹ್ನ ಪಕ್ಕದ ಮನೆಯ ಅಜ್ಜಿ ಬಂದಳು. ಅಜ್ಜಿಗೆ ಕಣ್ಣು ಮಂಜು. ನಾನು ಒಳಗಿನ ಕೋಣೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದೆ. ಮಗಳು ತವರಿಗೆ ಬಂದಿದ್ದಾಳೆ, ತೊಟ್ಟಿಲು ಕಟ್ಟಿದ್ದಾರೆ ಅಂದ ಮೇಲೆ ಅಜ್ಜಿಗೆ ಇನ್ನೇನು ಕೇಳುವುದು ಉಳಿದಿತ್ತು?

"ಯಾವಾಗ ಆತು ಬೇ?" ಅಂತ ತೊಟ್ಟಿಲ ಹತ್ತಿರದಿಂದಲೇ ಕೇಳಿದಳು.

ನಾದಿದ್ದು ಯಾವಾಗ ಅಂತ ಕೇಳುತ್ತಿದ್ದಾಳೆ ಅಂದುಕೊಂಡೆ. "ಮುಂಜಾನಿ ಆತು ಅಜ್ಜಿ."

"ಮುಂಜಾನಿ ಆಗಿ, ಈಗ ಎದ್ದು ಕೆಲಸ ಮಾಡಾಕತ್ತೀಯಲ್ಲ! ಗಟ್ಟಿ ಹೆಣ್ಣು. ತೂಕ ಎಷ್ಟೈತಿ?"

"ಎರಡು ಸೇರು ಅಜ್ಜಿ. ಸಂಜಿ ತನಕ ಇನ್ನೊಂದಿಷ್ಟು ಉಬ್ಬತೈತಿ."

ಅಜ್ಜಿ ತೊಟ್ಟಿಲು ತೂಗಿದಳು. ಜೋಗುಳ ಹಾಡಿದಳು. ಒಂದು ಹಾಡು ಪೂರ್ತಿ ಮುಗಿದರೂ ಕೂಸು ಮಿಸುಕಲಿಲ್ಲ.

"ಥೇಟ್ ಅವರಪ್ಪನ ಹಂಗ ಅದಾನ," ಅಂದಳು. "ಮಾತಿಲ್ಲ, ಕತಿಯಿಲ್ಲ."

ಅಷ್ಟು ಹೇಳಿ ಬಟ್ಟೆ ಸರಿಸಿ ಗಲ್ಲ ಚಿವುಟಲು ಕೈ ಹಾಕಿದಳು. ಬೆರಳು ಒಳಗೆ ಹೋಯಿತು. ಬೆರಳಿನ ಹಿಂದೆ ಅಂಗೈಯೂ ಹೋಯಿತು. ಆಕೆ ಕೂಗಿದ ಕೂಗಿಗೆ ಓಣಿಯೆಲ್ಲ ಓಡಿಬಂತು. ಬಂದು ನೋಡಿದರೆ ಅಜ್ಜಿ ಹಿಟ್ಟಿನ ಕೈ ಮೇಲೆತ್ತಿಕೊಂಡು ಬಾಗಿಲಲ್ಲಿ ನಿಂತು ನಡುಗುತ್ತಿದ್ದಾಳೆ.

"ಮುದ್ದು ಮಾಡಾಕ ಹೋದ್ರ ಕೂಸು ಕೈ ನುಂಗಿತವ್ವೋ!"

ಸಮುದ್ರ

ಇದು ಚಿಕ್ಕದು. ನಾವು ಮೂವರೂ ಒಂದು ಸಲ ಲಾರಿಯಲ್ಲಿ ಮಸ್ಕಿ ಕಡೆ ಹೊರಟಿದ್ದೆವು. ಬಿಳಿಜೋಳ ತೆನೆ ಬಿಟ್ಟ ಕಾಲ. ರಸ್ತೆಯ ಎರಡೂ ಕಡೆ ಕಣ್ಣು ಹೋಗುವಷ್ಟು ದೂರ ಹೊಲ. ಗಾಳಿ ಬಂದರೆ ಹೊಲಕ್ಕೆ ಹೊಲವೇ ಒಂದು ಕಡೆ ವಾಲಿ, ಮತ್ತೆ ಎದ್ದು ನಿಲ್ಲುತ್ತಿತ್ತು. ನಮ್ಮ ಮನೆಯವರು ಲಾರಿ ನಿಲ್ಲಿಸಿ ಯಂತ್ರ ಬಂದ್ ಮಾಡಿದರು.

"ಸಮುದ್ರ ಹೆಂಗಿರತೈತಿ ಅಂತ ಕೇಳಿದ್ದೆಲ್ಲ? ಹಿಂಗ. ಇದೆಲ್ಲ ಹೊಲ ಅಲ್ಲ, ನೀರು ಅಂತ ತಿಳಕೋ."

ನಾನು ಕಣ್ಣು ಸ್ವಲ್ಪ ಮುಚ್ಚಿಕೊಂಡು ನೋಡಿದೆ. ಜೋಳ ಹೋಯಿತು, ನೀರು ಬಂತು. ಆ ನೀರಿನ ಮೇಲೆ ನಮ್ಮ ಲಾರಿ ತೇಲುತ್ತಿದೆ ಅನ್ನಿಸಿತು. ಬಾಗಿಲು ಗಟ್ಟಿಯಾಗಿ ಹಿಡಿದುಕೊಂಡೆ. ಕೇಳಬೇಕೆಂದೇ ಇರಲಿಲ್ಲ, ಬಾಯಿಗೆ ಬಂದುಬಿಟ್ಟಿತು. "ಇಷ್ಟೂ ಯಾರದು?"

"ಯಾರದೂ ಅಲ್ಲ."

ನಡುವೆ ಕೂತಿದ್ದ ಅತ್ತೆ ಅಲ್ಲಿಯವರೆಗೆ ಸುಮ್ಮನಿದ್ದವರು ಮಗನ ಕಡೆ ತಿರುಗಿದರು.

"ಯಾರದೂ ಅಲ್ಲಂದ್ರ ಎರಡು ಎಕರೆ ನಿನ್ನ ಹೆಸರಿಗೆ ಮಾಡಿಸ್ಕೊಂಡು ಬರಾಕ ಏನಾಗಿತ್ತು?"

ಎಮ್ಮೆ

ರೊಟ್ಟಿಯ ಮೇಲೆ ಹಾಕುವ ಬೆಳ್ಳನೆಯದು ಏನು ಅಂತ ಕೇಳಿದರೆ ನಮ್ಮ ಮನೆಯವರು, "ಹಾಲು ಒಡಿಸಿ ಮಾಡತಾರ," ಅಂದರು. ಅತ್ತೆ ಎರಡೂ ಕಿವಿ ಮುಚ್ಚಿಕೊಂಡರು. ಹಾಲು ತಾನಾಗಿ ಒಡೆದರೆ ಅದು ಹಣೆಬರಹ, ಒಲೆಯ ಮುಂದೆ ಕೂತು ಬೇಕೆಂದೇ ಒಡೆಸುವುದು ಅಂದರೆ ಏನು? ಈ ಮನೆಯಲ್ಲಿ ಅದು ಆಗುವ ಮಾತಲ್ಲ ಅಂದರು. ಆಮೇಲೆ ಅವರೇ ದಾರಿ ತೋರಿಸಿದರು. "ಗಿಣ್ಣದ ಹಾಲು ತಾನೇ ಗಟ್ಟಿ ಆಗತೈತಿ. ಯಾರೂ ಒಡಸೂದು ಬ್ಯಾಡ. ಅದನ್ನ ಹಾಕ್ರಿ."

ಗಿಣ್ಣು ಬೇಕಾದರೆ ಎಮ್ಮೆ ಈಯಬೇಕು. ಆಗ ನಮ್ಮ ಮನೆಯವರು ಗುರುಗುಂಟಾ ಕಡೆಯಿಂದ ಕಲ್ಲು ತರುತ್ತಿದ್ದರು. ಅಲ್ಲಿ ರಸ್ತೆಯ ಪಕ್ಕದ ರೈತನೊಬ್ಬನ ಎಮ್ಮೆ ತುಂಬು ಗಬ್ಬ. ಇವರು ದಿನಾ ಲಾರಿ ನಿಲ್ಲಿಸಿ ಕೇಳುವುದು, "ಆತೇನ್ರೀ?" ಅವನು, "ಇನ್ನೂ ಇಲ್ರೀ." ಹೋಗುವಾಗ ಒಂದು ಸಲ, ಬರುವಾಗ ಒಂದು ಸಲ. ಎಮ್ಮೆ ಮೇವು ಬಿಟ್ಟಿದೆ ಅಂದರೆ ಇವರೂ ಅವತ್ತು ಅರ್ಧ ಊಟಕ್ಕೇ ಏಳುತ್ತಿದ್ದರು. ಹನ್ನೆರಡನೆಯ ದಿನಕ್ಕೆ ಆ ಎಮ್ಮೆಗೂ ಲಾರಿಯ ಸಪ್ಪಳದ ಗುರುತು ಸಿಕ್ಕಿತ್ತಂತೆ. ದೂರದಲ್ಲಿ ಲಾರಿ ಬಂದರೆ ಕತ್ತೆತ್ತಿ ರಸ್ತೆ ನೋಡುತ್ತಿತ್ತಂತೆ.

ಹದಿನೈದನೆಯ ದಿನ ಎಮ್ಮೆ ಈದಿತು. ರೈತ ಕೊಡಪಾನದ ತುಂಬ ಗಿಣ್ಣದ ಹಾಲು ಹಿಡಿದುಕೊಂಡು ರಸ್ತೆಗೇ ಬಂದು ನಿಂತಿದ್ದನಂತೆ. ಲಾರಿಯೊಳಗೆ ಕೊಡಪಾನ ಇಟ್ಟು ಇವರ ಕೈ ಹಿಡಿದುಕೊಂಡು ಹೇಳಿದನಂತೆ:

"ಅಣ್ಣಾ, ನನ್ನ ಹೇಣ್ತಿ ನಾಕು ಹಡದಾಳ. ನಾಕೂ ಸೇರಿಸಿ ನಾ ಇಷ್ಟು ಸಲ ಕೇಳಿದ್ದಿಲ್ಲ. ಈಗ ಆಕಿ ನಿಮ್ಮನ್ನ ನೋಡಿ ನನ್ನ ಮಾರಿ ನೋಡಾಕತ್ತಾಳ. ನೀವು ಇನ್ನ ಮ್ಯಾಲ ಈ ರಸ್ತಾ ಹಿಡೀಬ್ಯಾಡ್ರಿ."

ಖಾರ

ಗಿಣ್ಣು ಹಾಕಿದ ರೊಟ್ಟಿಯೂ 'ಹಿಂಗಲ್ಲ' ಆಯಿತು. ಮೇಲೆ ಕೆಂಪು ಇರಲಿಲ್ಲ. ಅವರು ರಾಯಚೂರಿಗೆ ಹೋದಾಗ ನಾಲ್ಕು ಟಮಾಟಿ ತಂದರು. ಅತ್ತೆ ಒಂದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು.

"ಇದೇನೋ ಇದು, ಬದನಿಕಾಯಿಗೆ ಜ್ವರ ಬಂದಂಗ!"

ಈಳಿಗೆಯ ಮೇಲೆ ಇಟ್ಟು ಹೆಚ್ಚಿದ್ದೇ ತಡ, ಕೆಂಪು ರಸ ಹರಿಯಿತು. ಅಷ್ಟೇ. ಲಿಂಗ ಕಟ್ಟಿಕೊಂಡವರ ಮನೆಯಲ್ಲಿ ಇಂಥ ರಕ್ತದಂಥದ್ದು ಬೇಡ ಅಂತ ನಾಲ್ಕೂ ತಿಪ್ಪೆಗೆ ಹೋದವು. ನನ್ನ ಮುಖ ಸಣ್ಣಗಾದದ್ದು ನೋಡಿ ಅತ್ತೆ ಅಂದರು, "ಕೆಂಪಗ ಬೇಕು, ಹೌದಿಲ್ಲೋ? ಕೆಂಪು ನಾ ಕೊಡತೀನಿ." ಗಡಿಗೆಯಿಂದ ಕೆಂಪು ಖಾರ ತೆಗೆದರು. ಹಣ್ಣು ಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು, ಲಿಂಬಿ ರಸ ಹಾಕಿ ರುಬ್ಬಿಟ್ಟದ್ದು. ನಮ್ಮ ಅತ್ತೆಯ ಖಾರ ಅಂದರೆ ಸಿಂಧನೂರಿನಲ್ಲಿ ಗಂಡಸರೂ ಬೆರಳ ತುದಿಯಿಂದ ಮುಟ್ಟುತ್ತಿದ್ದರು.

ಭಟ್ಟಿ ಬೇಕಲ್ಲ? ಲಿಂಗಸುಗೂರಿನಲ್ಲಿ ಒಬ್ಬ ಮುದುಕ ಸಾಬರದು ರೊಟ್ಟಿ ಸುಡುವ ಭಟ್ಟಿ ಇತ್ತು. ಅತ್ತೆ ತಮ್ಮ ನೀರಿನ ತಂಬಿಗೆ, ತಮ್ಮ ತಟ್ಟೆ, ತಮ್ಮ ಇಕ್ಕಳ ಎಲ್ಲ ಹಿಡಿದುಕೊಂಡೇ ಲಾರಿ ಹತ್ತಿದರು. ಸಾಬರು ಇವರನ್ನು ನೋಡಿದವರೇ ಜಾಗ ಗುಡಿಸಿ, "ಭಟ್ಟಿ ನಿಮ್ಮದೇ ಅನ್ಕೋರಿ ಅಮ್ಮಾ, ನಾನು ಕೈ ಹಚ್ಚೋದಿಲ್ಲ," ಅಂತ ಸರಿದು ನಿಂತರು. ಅತ್ತೆಗೆ ಆ ಮರ್ಯಾದೆಯಿಂದ ಎಷ್ಟು ನಾಚಿಕೆಯಾಯಿತು ಅಂದರೆ, ಸ್ವಲ್ಪ ಹೊತ್ತಿಗೆ ತಾವೇ, "ಬರ್ರೀ ಸಾಬ್ರ, ನಿಮಗೇ ಗೊತ್ತು ಇದರ ಕಾವು," ಅಂತ ಕರೆದರು. ಸಾಬರು ನನ್ನ ರೊಟ್ಟಿಯನ್ನು ಬಗ್ಗಿ ನೋಡಿದರು.

"ಇದು ಏನು ಚೀಜ್ ಅಮ್ಮಾ? ನಾನ್ ಅಂದ್ರ ನಾನ್ ಅಲ್ಲ, ಹೋಳಿಗಿ ಅಂದ್ರ ಹೋಳಿಗಿ ಅಲ್ಲ."

"ಮಂದಿ ಮಕ್ಕಳು ಯುದ್ಧಕ್ಕ ಹೋಗಿ ಎದಿಗೆ ಹಚ್ಚೋ ಬಿಲ್ಲೆ ತರತಾರ. ನನ್ನ ಮಗ ಇದನ್ನ ತಂದಾನ," ಅಂದರು ಅತ್ತೆ.

ರೊಟ್ಟಿ ಹೊರಗೆ ಬಂತು. ಅದೇ ಹೊತ್ತಿಗೆ ಕಚೇರಿಯ ಕಾರಕೂನನೊಬ್ಬ ಭಟ್ಟಿಗೆ ಬಂದ. ಅವನ ಹಿಂದೆ ಅರ್ಜಿ ಹಿಡಿದುಕೊಂಡ ಒಬ್ಬ ರೈತ. ಆ ಅರ್ಜಿಯ ಮೇಲೆ ಕಾರಕೂನನ ದಸ್ಕತ್ತು ಬಿದ್ದರೆ ಮಾತ್ರ ಅದು ಮುಂದೆ ಹೋಗುವುದು. ರೈತ ತನ್ನ ಕಥೆ ಹೇಳುತ್ತಲೇ ಬರುತ್ತಿದ್ದ, ಕಾರಕೂನ ಕೇಳಿಸಿಕೊಳ್ಳದೆ ನಡೆಯುತ್ತಿದ್ದ.

"ವಾಸನಿ ಭಾರಿ ಐತಲ್ಲ! ನೋಡೂಣು, ಒಂದೀಟು ಕೊಡ್ರಿ," ಅಂದ ಕಾರಕೂನ. ಅತ್ತೆ ಕೊಡುವುದರಲ್ಲಿ ಕಂಜೂಸಿ ಮಾಡಿದವರಲ್ಲ. ಕಾಲು ರೊಟ್ಟಿ ಮುರಿದು ಕೊಟ್ಟರು. ಅವನು ಇಡೀ ತುಣುಕು ಒಮ್ಮೆಗೇ ಬಾಯಿಗೆ ಹಾಕಿಕೊಂಡ.

"ಹೋದ ವರ್ಷ ನನ್ನ ಎತ್ತು ಸತ್ತಿತ್ರೀ ಸಾಹೇಬ್ರ," ಅಂದ ರೈತ.

ಕಾರಕೂನನ ಕಣ್ಣು ಕೆಂಪಾದವು.

"ಆ ಎತ್ತು ನನ್ನ ಮಗನ ಹಂಗಿತ್ರೀ."

ಕಾರಕೂನನ ಕಣ್ಣಿಂದ ನೀರು ಧಾರೆಯಾಗಿ ಇಳಿಯತೊಡಗಿತು. ಬಾಯಿ ತೆರೆದ, ಮಾತು ಹೊರಡಲಿಲ್ಲ. ಎದೆಯ ಮೇಲೆ ಕೈ ಇಟ್ಟುಕೊಂಡ. ರೈತ ಅರ್ಜಿ ಮುಂದೆ ಹಿಡಿದ. ಈ ರೈತ ದಾರಿಯಿಂದ ಸರಿದರೆ ಸಾಕಾಗಿತ್ತು ಕಾರಕೂನನಿಗೆ. ಪೆನ್ನು ತೆಗೆದು ದಸ್ಕತ್ತು ಹಾಕಿದವನೇ ನೀರಿನ ತೊಟ್ಟಿಯ ಕಡೆ ಓಡಿದ.

ರೈತ ಅರ್ಜಿಯನ್ನು ಎದೆಗೆ ಒತ್ತಿಕೊಂಡು ನಿಂತುಬಿಟ್ಟ. ಅವನ ಕಣ್ಣಲ್ಲೂ ನೀರು. "ಎಂಟು ಸಲ ಬಂದೀನ್ರೀ ಯವ್ವಾ. ಕಲ್ಲಿನಂಥ ಮನುಷ್ಯ ಅಂದಿದ್ದೆ. ನನ್ನ ಎತ್ತಿನ ಸಲುವಾಗಿ ಎಷ್ಟು ಅತ್ತ ನೋಡ್ರಿ!"

ಮುಂದಿನ ವಾರ ಸಾಬರು ನಮಗೆ ಹೇಳಿಕಳಿಸಿದರು. ಭಟ್ಟಿಯ ಮುಂದೆ ಅರ್ಜಿ ಹಿಡಿದುಕೊಂಡ ಏಳು ಜನ ನಿಂತಿದ್ದಾರೆ, ಆ ರೊಟ್ಟಿ ಬೇಕಂತೆ.

ಗೆಳೆಯ

ಇಷ್ಟರಲ್ಲಿ ಎರಡು ವರ್ಷ ಕಳೆದವು. ಲಿಂಗಸುಗೂರಿನ ಭಟ್ಟಿ ನೋಡಿ ಬಂದ ಮೇಲೆ ನಮ್ಮ ಮನೆಯವರಿಗೆ ಏನು ಹೊಳೆಯಿತೋ, ಹಿತ್ತಲಿನಲ್ಲಿ ತಾವೇ ಒಂದು ಭಟ್ಟಿ ಕಟ್ಟಲು ಕೂತರು. ಪ್ರತಿ ಸೋಮವಾರ ಕಲ್ಲು ಜೋಡಿಸುವುದು, ಮಣ್ಣು ಮೆತ್ತುವುದು. ನಾನು ಮಣ್ಣು ತುಳಿದು ಕೊಡುತ್ತಿದ್ದೆ. ಆ ಹೊತ್ತಿನಲ್ಲಿ ಅವರು ಮಾತಾಡುತ್ತಿದ್ದರು. ಮಳೆಯಲ್ಲಿ ಹೂತ ಲಾರಿಗಳು, ಹೆಸರು ಗೊತ್ತಿಲ್ಲದ ನದಿಗಳು, ಒಂದು ಊರಿನ ಗಂಟೆಯ ಸಪ್ಪಳ. ಮಣ್ಣಿನ ಕೈಯಿಂದ ಹಣೆ ಒರೆಸಿಕೊಳ್ಳುತ್ತ ಹೇಳುತ್ತಿದ್ದರು. ಭಟ್ಟಿ ಬೇಗ ಮುಗಿಯದಿರಲಿ ಅಂತ ನಾನು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ. ಮುಂಬೈಯ ಕಾಗದಗಳು ಮಾತ್ರ ನಿಲ್ಲಲಿಲ್ಲ. ಈಗ ಕಿಸೆಯಲ್ಲಿ ಮೂರು ಕಾಗದ ಇದ್ದವು.

ಆಮೇಲೆ ಒಂದು ಸೋಮವಾರ ಮಧ್ಯಾಹ್ನ ಆ ಗೆಳೆಯನೇ ಬಸ್ಸಿಳಿದು ಬಂದ. ಬಿಜಾಪುರದ ಕಡೆಯವನು. ದೊಡ್ಡ ದನಿ, ಅದಕ್ಕಿಂತ ದೊಡ್ಡ ಹೊಟ್ಟೆ, ಕೈಯಲ್ಲಿ ಖಾಕಿ ಚೀಲ.

"ಕಾಗದಕ್ಕ ಉತ್ತರ ಇಲ್ಲ, ಅದಕ್ಕ ನಾನೇ ಬಂದೆ," ಅಂದ. "ನಾಳೆ ಮುಂಜಾನಿ ಬಸ್ಸಿಗೆ ನಡಿ ನನ್ನ ಜೋಡಿ. ಕೆಲಸ ಕಾಯಾಕತ್ತೈತಿ."

ಅತ್ತೆ ನನ್ನನ್ನು ಒಳಗೆ ಎಳೆದುಕೊಂಡು ಹೋದರು.

"ಇವತ್ತು ಆಗಬೇಕು ನೋಡು," ಅಂದರು. "ಹಾಲು ತಗೊಂಡು ಬಾ. ನಾ ಒಡಸತೀನಿ."

ಮುಖ ಆಚೆ ತಿರುಗಿಸಿಕೊಂಡು ಕುದಿಯುವ ಹಾಲಿಗೆ ಲಿಂಬಿಹಣ್ಣು ಹಿಂಡಿದರು. ಒಡೆದದ್ದನ್ನು ಬಟ್ಟೆಯಲ್ಲಿ ಕಟ್ಟಿ ಹಿಂಡಿ, ಬಿಸಿನೀರಿನಲ್ಲಿ ಹಾಕಿ ನಾದಿದೆವು. ಟಮಾಟಿಯ ಹುಳಿಯ ಬದಲಿಗೆ ಪುಂಡಿಪಲ್ಲೆಯ ಹುಳಿ ಸೊಪ್ಪು ಬೇಯಿಸಿ ಬೆಳ್ಳುಳ್ಳಿ ಹಾಕಿ ನುಣ್ಣಗೆ ರುಬ್ಬಿದೆ. ಕೆಂಪಿಗೆ ಅತ್ತೆಯ ಖಾರ, ಆದರೆ ಈ ಸಲ ಚಮಚೆಯ ತುದಿಯಷ್ಟು. ಕುಸುಬಿ ಎಣ್ಣೆ. ಹಸಿರಿಗೆ ಹಿತ್ತಲಿನ ಕಾಮಕಸ್ತೂರಿ ಎಲೆ. ಅವತ್ತಿನ ಹಿಟ್ಟು ಮುಂಜಾನೆಯೇ ನಾದಿಟ್ಟದ್ದು, ಗುಂಡಗೆ ಉಬ್ಬಿ ಕೂತಿತ್ತು.

ಹಿತ್ತಲಿನಲ್ಲಿ ಆಗಷ್ಟೇ ಕಟ್ಟಿ ಮುಗಿದಿದ್ದ ಭಟ್ಟಿಗೆ ನಮ್ಮ ಮನೆಯವರೇ ಬೆಂಕಿ ಹಾಕಿದರು. ಸಲಿಕೆಯ ಮೇಲೆ ರೊಟ್ಟಿ ಒಳಗೆ ಹೋಯಿತು. ನಾವು ನಾಲ್ವರೂ ಸುತ್ತ ನಿಂತು ಕಾದೆವು. ಮೊದಲು ಬೆಳ್ಳುಳ್ಳಿಯ ವಾಸನೆ ಬಂತು, ಆಮೇಲೆ ಸುಟ್ಟ ಹಿಟ್ಟಿನದು, ಕಡೆಗೆ ಆ ಎಲೆಯದು. ನಮ್ಮ ಮನೆಯವರು ಕಣ್ಣು ಮುಚ್ಚಿದರು. ಹಿತ್ತಲಿನ ಬೇವಿನ ಎಲೆಗಳ ನಡುವಿನಿಂದ ಬಿಸಿಲು ಅವರ ಮುಖದ ಮೇಲೆ ಆಡುತ್ತಿತ್ತು. ಆ ಕ್ಷಣ ಅವರು ನಮ್ಮ ಹಿತ್ತಲಿನಲ್ಲಿ ಇರಲಿಲ್ಲ.

"ಇದು," ಅಂದರು. "ಇದೇ ವಾಸನಿ."

ಅತ್ತೆ ನನ್ನ ತೋಳು ಹಿಡಿದುಕೊಂಡರು. ನಾಲ್ಕು ತುಂಡು ಮಾಡಿ ಕೂತೆವು. ನಮ್ಮ ಮನೆಯವರು ಒಂದು ತುತ್ತು ತಿಂದರು. ನಿಧಾನವಾಗಿ ಅಗಿದರು. ತುತ್ತು ಗಂಟಲಲ್ಲಿ ಇಳಿದದ್ದು ನನಗೆ ಕಾಣಿಸಿತು.

"ಹೆಂಗೈತಿ?" ಅಂದರು ಅತ್ತೆ.

"ಹಿಂಗಿರತೈತಿ ಅಂತ ನನಗ ಗೊತ್ತಿದ್ದಿಲ್ಲ ಯವ್ವಾ."

ಗೆಳೆಯ ಗಹಗಹಿಸಿ ನಕ್ಕ. "ಲೇ, ಕಡೀಕೂ ತಿಂದೆಲ್ಲ ಪೀಜಾ!"

"ಕಡೀಕೂ ಅಂದ್ರ?" ಅಂದೆ ನಾನು.

"ಅಯ್ಯ, ನಿನಗ ಹೇಳಿಲ್ಲೇನು ತಂಗೀ? ಇವ ಅಲ್ಲಿ ಒಂದು ದಿನಾನೂ ತಿಂದಿಲ್ಲ. ಆ ಮುದುಕಿ ದಿನಾ ಇಬ್ಬರಿಗೂ ಕೊಡತಿದ್ದಳು. ಇವ ತನ್ನದು ಕೈಯಾಗ ಹಿಡಕೊಂಡು, ವಾಸನಿ ತಗೊಂಡು, ನನ್ನ ಕೈಯಾಗ ಇಡತಿದ್ದ. ನಾಕು ತಿಂಗಳು! ಇವನ ಪಾಲೂ ನಾನೇ ತಿಂದೀನಿ. ಈ ಹೊಟ್ಟಿ ಮತ್ತ ಯಾತರದು ಅಂತೀ?"

ಮೂವರೂ ನಮ್ಮ ಮನೆಯವರ ಕಡೆ ನೋಡಿದೆವು. ಅವರು ತಟ್ಟೆ ನೋಡುತ್ತ ಹೇಳಿದರು.

"ನಮ್ಮ ಪಲ್ಟಣಿನ ಅಡಿಗಿ ಬಿಟ್ಟು ಪರದೇಶದಾಗ ಮತ್ತೊಬ್ಬರ ಕೈದು ತಿನಬ್ಯಾಡ, ಏನಿರತೈತೋ ಏನೋ ಅಂತ ಅವ್ವ ಮಾತು ತಗೊಂಡಿದ್ದಳು. ಬಸ್ಸು ಹತ್ತೋ ಮುಂದ."

ಅತ್ತೆ ಬಾಯಿಗೆ ಸೆರಗು ಹಿಡಿದರು. "ನಾನಾ? ಅವತ್ತು ನಾ ಅಳಾಕತ್ತಿದ್ದೆ ತಮ್ಮಾ. ಅಳಕೋತ ಏನಂದೆನೋ, ನನಗೇ ನೆನಪಿಲ್ಲ. ಅಷ್ಟು ದೂರ ಹೋಗಿ, ಮುಂದ ಇಟ್ಟದ್ದನ್ನ ತಿನ್ನದ ಬಂದೆಲ್ಲೋ!" ಅಂತ ಮಗನ ಬೆನ್ನು ಸವರಿದರು.

ನನಗೆ ಅಳುವೂ ಬಂತು, ಸಿಟ್ಟೂ ಬಂತು. ಹಿಟ್ಟಿನ ಹಿಂದೆ, ಎಮ್ಮೆಯ ಹಿಂದೆ, ಭಟ್ಟಿಯ ಹಿಂದೆ ಮೂರು ಊರು ತಿರುಗಿದ್ದು ಕಣ್ಣ ಮುಂದೆ ಬಂತು. "ಅಲ್ರೀ, ಮತ್ತ ಪ್ರತಿ ಸಲ 'ಹಿಂಗಲ್ಲ, ಹಿಂಗಲ್ಲ' ಅಂದ್ರೆಲ್ಲ?"

"ವಾಸನಿ ಹಂಗಿರಲಿಲ್ಲ," ಅಂದರು, ಬಹಳ ಪ್ರಾಮಾಣಿಕವಾಗಿ.

ಗೆಳೆಯ ಕೈ ತೊಳೆದುಕೊಂಡು ಹತ್ತಿರ ಬಂದು ಕೂತ. ಈಗ ದನಿ ಇಳಿಸಿದ್ದ. "ನೋಡು, ನಮ್ಮ ಹಡಗು ಹೋಗೋದು ಅಲ್ಲಿಗೇ. ನೇಪಲ್ಸಿಗೇ. ಅವ್ವನೂ ಈಗ ತಿನ್ನು ಅಂತಾಳ. ನಡಿ, ಈ ಸಲ ಹೊಟ್ಟಿ ತುಂಬ ತಿನ್ನುವಂತಿ."

ಭಟ್ಟಿಯಲ್ಲಿ ಒಂದು ಕಟ್ಟಿಗೆ ಚಟ್ ಅಂತ ಸಿಡಿಯಿತು. ನಾನು ತಟ್ಟೆಗಳನ್ನು ಒಂದರ ಮೇಲೆ ಒಂದು ಇಡುತ್ತ ಕೂತೆ. ಮುಖ ಎತ್ತುವ ಧೈರ್ಯವಿರಲಿಲ್ಲ. ನಮ್ಮ ಮನೆಯವರು ಉಳಿದ ತುಣುಕನ್ನು ಕೈಗೆ ತೆಗೆದುಕೊಂಡರು. ಹೊಲದ ಆಚೆ ಅಲುಗುತ್ತಿದ್ದ ಬಿಸಿಲನ್ನು ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ನೋಡಿದರು. ತುಣುಕನ್ನು ಬಾಯಿಗೆ ಹಾಕಿಕೊಂಡು ಪೂರ್ತಿ ಅಗಿದು ನುಂಗುವ ತನಕ ನಾವು ಕಾಯಬೇಕಾಯಿತು.

"ಬ್ಯಾಡೋ," ಅಂದರು. "ಅಲ್ಲೀದು ಇಷ್ಟು ಚಲೋ ಇರಂಗಿಲ್ಲ."

"ಲೇ, ತಿನ್ನದ ಹೆಂಗ ಹೇಳತೀ?" ಅಂತ ಗೆಳೆಯ ಹಣೆ ಬಡಿದುಕೊಂಡ.

"ಎರಡು ವರ್ಷದಿಂದ 'ಹಿಂಗಲ್ಲ' ಅಂತ ಹೆಂಗ ಹೇಳಿದೆ, ಹಂಗ."